ಯಮನಮ್ಮ ಬೇಡಿದ ರಕ್ತದ ಜೋಗ

ಬಂಡ್ರಿಯ ಉಚ್ಚೆಂಗಪ್ಪನ ಮನೆಯಲ್ಲಿ ಮಗ ಬಿದ್ದರೆ "ಏಳು, ಏನಾಗಿಲ್ಲ" ಎಂದು ಯಾರೂ ಹೇಳುತ್ತಿರಲಿಲ್ಲ. ಹನುಮೇಶನಿಗೆ ಹುಟ್ಟಿದಾಗಿನಿಂದ ರಕ್ತ ಹೆಪ್ಪುಗಟ್ಟದ ಕಾಯಿಲೆ. ಅದಿರಿನ ಲಾರಿಗಳು ಹಗಲಿರುಳು ಓಡಿ ರಸ್ತೆಯೆಲ್ಲ ಗುಂಡಿ ಬಿದ್ದಿದ್ದ ಕಾಲವದು. ಶಾಲೆಯಿಂದ ಬರುವಾಗ ಅಂಥದೊಂದು ಗುಂಡಿಯಲ್ಲಿ ಹುಡುಗ ಮುಗ್ಗರಿಸಿದ. ಸಂಜೆಗೆ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ಕೀಲಿನೊಳಗೆ ರಕ್ತ ಸೋರುತ್ತಿದೆ, ಪ್ಲಾಸ್ಮಾ ಏರಿಸಬೇಕು, ತಡವಾದಷ್ಟೂ ಕಾಲು ಬಿಗಿಯುತ್ತದೆ. ರಕ್ತನಿಧಿಯಲ್ಲಿ ಹುಡುಗನಿಗೆ ಹೊಂದುವ ಪ್ಲಾಸ್ಮಾ ಒಂದೇ ಚೀಲವಿತ್ತು. ಇನ್ನೂ ಬೇಕಾದರೆ ರಕ್ತ ಕೊಡುವವರನ್ನು ಕರೆತರಬೇಕು. ಉಚ್ಚೆಂಗಪ್ಪನಿಗೆ ಆಗಷ್ಟೇ ಕಾಮಾಲೆ ಆಗಿಹೋಗಿತ್ತು. ಅವನ ಹೆಂಡತಿ ಲಕ್ಷ್ಮಿಗೆ ಮೈಯಲ್ಲಿ ರಕ್ತವೇ ಕಡಿಮೆ. ಇಬ್ಬರನ್ನೂ ಬೇಡವೆಂದರು.

ಸುದ್ದಿ ತಿಳಿದು ಯಮನಮ್ಮ ಓಡಿಬಂದಳು. ಅವಳು ಉಚ್ಚೆಂಗಪ್ಪನ ಒಡಹುಟ್ಟು, ಅವನಿಗಿಂತ ಹಿರಿಯಳು. ಹುಟ್ಟಿದಾಗ ಗಂಡೋ ಹೆಣ್ಣೋ ಎಂದು ಸೂಲಗಿತ್ತಿಗೂ ಹೇಳಲಾಗದ ಮೈ. ಅಪ್ಪ ಯಮನಪ್ಪ ಎಂದು ಹೆಸರಿಟ್ಟ. ಸೀರೆ ಮುಟ್ಟಿದರೆ ಬಾರುಕೋಲಿನ ಏಟು. ಕಡೆಗೆ ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾಗಿ, ಸೀರೆಯುಟ್ಟ ಜೋಗಪ್ಪನಾಗಿ, ಮನೆ ಬಿಟ್ಟಳು. ಸಂಡೂರು ರಸ್ತೆಯ ಟಿಪ್ಪರಿನವರು ಹೊಸ ಗಾಡಿ ತಂದರೆ ಅವಳ ಕೈಯಿಂದ ಅರಿಸಿನದ ಭಂಡಾರ ಹಚ್ಚಿಸದೆ ಗಾಲಿ ತಿರುಗಿಸುತ್ತಿರಲಿಲ್ಲ. ತಮ್ಮನ ಮನೆಯಲ್ಲಿ ಮಾತ್ರ ಅವಳಿಗೆ ಹೊರಗಿನ ಕಟ್ಟೆಯೇ ಗತಿ. ಊರೆಲ್ಲ ಕೈ ಮುಗಿಯುವವಳಿಗೆ ಒಡಹುಟ್ಟಿದವನ ಮನೆಯ ಲೋಟದಲ್ಲಿ ನೀರಿಲ್ಲ.

"ನಂದು ಕೂಡತೈತೇನು ನೋಡ್ರಿ," ಎಂದು ಅವಳು ತೋಳು ಚಾಚಿದಳು.

"ಬ್ಯಾಡ," ಎಂದ ಉಚ್ಚೆಂಗಪ್ಪ. "ನಿನ್ನ ರಕ್ತದ ಸಂಗಾಟ ಹುಲಿಗೆಮ್ಮ ನನ್ನ ಮಗನ ಮೈಯಾಗ ಹೊಕ್ಕರ? ನಾಳೆ ಅವನೂ ಸೀರಿ ಕೇಳ್ತಾನ."

ಆ ದಿನ ಹಾಗೇ ಹೋಯಿತು. ಹುಡುಗನ ನರಳಾಟ ಹೊರಗಿನವರೆಗೂ ಕೇಳುತ್ತಿತ್ತು.

ಮರುದಿನ ರಕ್ತನಿಧಿಯ ಆಪ್ತಸಮಾಲೋಚಕಿ ತ್ರಿವೇಣಿ ಉಚ್ಚೆಂಗಪ್ಪನನ್ನು ಕರೆದು ಕೂರಿಸಿದಳು. ಯಮನಮ್ಮ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಳು.

"ಅಣ್ಣಾರ, ಪ್ಲಾಸ್ಮಾ ಅಂದ್ರ ರಕ್ತದಾಗಿನ ಕಣ ಎಲ್ಲಾ ತಗದ ಮ್ಯಾಲೆ ಉಳಿಯೋ ಹಳದಿ ನೀರು. ರಕ್ತ ಹೆಪ್ಪುಗಟ್ಟಿಸೋ ಅಂಶ ಅದರಾಗ ಇರತೈತಿ. ನಿಮ್ಮ ಹುಡುಗಗ ಕಡಿಮಿ ಇರೋದು ಅದು. ಆ ನೀರಾಗ ಗಂಡಿಲ್ಲ, ಹೆಣ್ಣಿಲ್ಲ, ಜಾತಿ ಇಲ್ಲ. ದೇವರೂ ಬರೂದಿಲ್ಲ."

"ಆಕಿ ಹುಟ್ಟಿದಾಗಿಂದ ಹಂಗ ಅದಾಳ್ರಿ."

"ನಿಮ್ಮ ಮಗಾನೂ ಹುಟ್ಟಿದಾಗಿಂದ ಹಿಂಗ ಅದಾನ. ಅದು ಯಾರ ತಪ್ಪು ಹೇಳ್ರಿ?"

ಉಚ್ಚೆಂಗಪ್ಪ ಕೂತಲ್ಲಿಂದ ಎದ್ದ. ಹೊರಗೆ ಬಂದು, ಯಮನಮ್ಮನ ಮುಖ ನೋಡದೆ, "ಕೊಡು" ಎಂದ. ಅವಳಿಗೆ ಅಷ್ಟೇ ಸಾಕಾಗಿತ್ತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಬೇಕಲ್ಲ. ತ್ರಿವೇಣಿ ಅವಳನ್ನು ಒಬ್ಬಳನ್ನೇ ಒಳಗೆ ಕರೆದು ವಯಸ್ಸು, ತೂಕ, ಕಾಯಿಲೆ, ದೈಹಿಕ ಸಂಬಂಧ ಎಲ್ಲ ಕೇಳಿದಳು. ಮುತ್ತು ಕಟ್ಟಿಸಿಕೊಂಡ ಮೇಲೆ ತಾನು ಒಂಟಿಯೇ ಎಂದು ಯಮನಮ್ಮ ಹೇಳಿದಳು. ಉತ್ತರಗಳಲ್ಲಿ ಯಾವ ಅಡ್ಡಿಯೂ ಇರಲಿಲ್ಲ, ಆದರೂ ತ್ರಿವೇಣಿಯ ಮುಖ ಸಣ್ಣಗಾಯಿತು.

"ಯವ್ವಾ, ನಿಮ್ಮಂಥವರ ರಕ್ತ ತಗೋಬ್ಯಾಡ್ರಿ ಅಂತ ನಮಗ ಮ್ಯಾಲಿನವರು ಹೇಳ್ಯಾರ."

"ನನಗ ಏನು ರೋಗ ಐತಿ?"

"ರೋಗದ ಮಾತಲ್ಲರಿ. ಕೇಳಬೇಕಾದ್ದು ನೀವು ಹೆಂಗ ಬದುಕೀರಿ ಅಂತ. ಇವರು ನೋಡೋದು ನೀವು ಯಾರು ಅಂತ. ಇದು ಸರಿ ಅಲ್ಲ ಅಂತ ನಾನೂ ಹೇಳೀನಿ, ಒಪ್ಪತಾರ ಅಂತ ನಂಬಿದ್ದೆ, ಒಪ್ಪಲಿಲ್ಲ. ಇವತ್ತಿಗೆ ನನ್ನ ಕೈ ಕಟ್ಟೈತಿ."

ಹೊರಗೆ ಉಚ್ಚೆಂಗಪ್ಪ ಕೇಳಿದವನೇ ಚೀಲದಿಂದ ತನ್ನ ಪ್ಯಾಂಟು ಅಂಗಿ ತೆಗೆದ. "ಇದನ್ನ ಹಾಕ್ಕೋ. ಬ್ಯಾರೆ ಕಡೆ ಹೋಗಿ ಯಮನಪ್ಪ ಅಂತ ಹೇಳು."

ಇಂಥ ಬಟ್ಟೆಯನ್ನೇ ತೊಡಬೇಕೆಂದು ಅಪ್ಪ ಅವಳ ಬೆನ್ನು ಮುರಿದಿದ್ದ. ಆದರೂ ಅಂಗಿ ಕೈಗೆ ತೆಗೆದುಕೊಂಡಳು. ಒಳಗೆ ಹುಡುಗ ಅಳುತ್ತಿದ್ದ.

ತ್ರಿವೇಣಿ ಅದನ್ನು ನೋಡಿ ಹತ್ತಿರ ಬಂದಳು. "ರಕ್ತ ಎಲ್ಲಾ ಪರೀಕ್ಷೆ ಮಾಡ್ತೀವ್ರಿ. ಆದ್ರ ಹೊಸದಾಗಿ ಹತ್ತಿದ ಸೋಂಕು ಸ್ವಲ್ಪ ದಿನ ಪರೀಕ್ಷೆಗೆ ಸಿಗೂದಿಲ್ಲ. ಅದಕ್ಕ ಪ್ರಶ್ನೆ ಕೇಳೋ ಆ ಖೋಲ್ಯಾಗ ಎಲ್ಲಾರೂ ಖರೇ ಹೇಳಬೇಕು. ಅಲ್ಲಿ ಸುಳ್ಳು ರೂಢಿ ಆದ್ರ ಹಾಸಿಗಿ ಮ್ಯಾಲಿನ ಕೂಸುಗಳಿಗೆ ಕಾವಲು ಯಾರು?"

ಯಮನಮ್ಮ ಅಂಗಿ ಮಡಿಚಿ ತಮ್ಮನ ಕೈಗೆ ಕೊಟ್ಟಳು. ಅವಳ ಕಣ್ಣು ತುಂಬಿತ್ತು.

"ಕೊಡಾಕ ಬಿಡಲಿಲ್ಲ. ಬೇಡಾಕ ಬರತೈತಲ್ಲ ನನಗ," ಎಂದಳು.

ಜೋಗಪ್ಪಗಳು ಐದು ಮನೆ ಜೋಗ ಬೇಡುವುದು ಹಿಂದಿನಿಂದ ಬಂದದ್ದು. ಬಿದಿರು ಬುಟ್ಟಿ ಹೊತ್ತು ಬಾಗಿಲಿಗೆ ಬಂದವರನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಯಮನಮ್ಮ ಆ ಬುಟ್ಟಿ ಹೊತ್ತು ಸಂಡೂರು ರಸ್ತೆಯಲ್ಲಿ ಸಾಲಾಗಿ ನಿಂತ ಟಿಪ್ಪರುಗಳ ಬಳಿಗೆ ನಡೆದಳು. ಡ್ರೈವರ್ ಜಡೆಪ್ಪ ಎಂದಿನಂತೆ ನೋಟು ಹಾಕಲು ಬಂದ. ಅವಳು ಬುಟ್ಟಿಗೆ ಸೆರಗು ಮುಚ್ಚಿದಳು.

"ರೊಕ್ಕ ಬ್ಯಾಡಪ್ಪ. ಇವತ್ತಿನ ಜೋಗ ರಕ್ತ."

"ರಕ್ತ ಕೊಟ್ರ ಸ್ಟೇರಿಂಗ್ ತಿರುವಾಕ ತ್ರಾಣ ಎಲ್ಲಿರತೈತಿ ಯವ್ವಾ?"

"ಇವತ್ತೊಂದಿನ ಗಾಡಿ ಹತ್ತಬ್ಯಾಡ. ಉಣ್ಣು, ನೀರು ಕುಡಿ, ಮಲಕ್ಕೋ. ಕೊಟ್ಟಿದ್ದನ್ನ ಮೈ ತಾನ ತುಂಬಿಕೊಂತೈತಿ."

"ಟ್ರಿಪ್ಪು ಹೋಗತೈತಲ್ಲ."

"ಅಲ್ಲಿ ನನ್ನ ತಮ್ಮನ ಹುಡುಗಂದು ಕಾಲು ಹೋಗಾಕತ್ತೈತಿ."

ಜಡೆಪ್ಪ ಇಂಜಿನ್ ಆರಿಸಿ ಕೆಳಗಿಳಿದ. ಅವನ ಹಿಂದೆ ಇನ್ನೂ ಕೆಲವರು ಇಳಿದರು.

ರಕ್ತನಿಧಿಯಲ್ಲಿ ತ್ರಿವೇಣಿ ಒಬ್ಬೊಬ್ಬರನ್ನೇ ಒಳಗೆ ಕರೆದು ಅವೇ ಪ್ರಶ್ನೆ ಕೇಳಿದಳು. ಒಬ್ಬನನ್ನು ಕೆಲವು ತಿಂಗಳು ಬಿಟ್ಟು ಬರಲು ಹೇಳಿ ಕಳಿಸಿದಳು. ಕಾರಣ ಆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬೆಂಚಿನ ಮೇಲೆ ಕೂತ ಯಮನಮ್ಮ ಅವನನ್ನು ನೋಡುತ್ತಿದ್ದಳು. ಅವನಿಗೆ ಇನ್ನೊಮ್ಮೆ ಬಾ ಎಂದಾದರೂ ಹೇಳಿದ್ದರು. ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಪ್ಲಾಸ್ಮಾ ಏರಿತು, ಸೋರುವುದು ನಿಂತಿತು. ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಹನುಮೇಶ ಇಂದಿಗೂ ಕುಂಟುತ್ತಾನೆ. ಕಳೆದುಹೋದ ಹೊತ್ತಿನಲ್ಲಿ ತನ್ನ ಪಾಲೆಷ್ಟು ಎಂಬುದು ಉಚ್ಚೆಂಗಪ್ಪನಿಗೆ ಗೊತ್ತು. ಈಗ ಯಮನಮ್ಮ ಕಟ್ಟೆಯ ಮೇಲೆ ಕೂತರೆ ಅವನೇ ಎದ್ದು ಬಂದು "ಒಳಗ ಬಾ ಅಕ್ಕ" ಎನ್ನುತ್ತಾನೆ. ಲೋಟದಲ್ಲಿ ನೀರು ತರುವವನು ಹನುಮೇಶ. ಅವನು ಕುಂಟಿ ಬರುವಾಗ ನೀರು ತುಳುಕುತ್ತದೆ, ಅಪ್ಪ ನೆಲ ನೋಡುತ್ತಾನೆ.

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಹದಿನೆಂಟು ತುಂಬಿ ಆರೋಗ್ಯವಾಗಿದ್ದರೆ ರಕ್ತನಿಧಿಗೆ ಹೋಗಿ. ಅಲ್ಲಿ ಕೇಳಿದ್ದಕ್ಕೆ ನಿಜವನ್ನೇ ಹೇಳಿ. ಬೇಡವೆಂದರೆ ಕಾರಣ ಕೇಳಿ ತಿಳಿದುಕೊಳ್ಳಿ. ಜೋಗಪ್ಪಗಳ ರಕ್ತದಲ್ಲಿ, ಬೇರೆ ಬಗೆಯ ಮೈಯಲ್ಲಿ ಹುಟ್ಟಿದವರ ರಕ್ತದಲ್ಲಿ ದೋಷವಿದೆ ಎಂದು ಓಣಿಯಲ್ಲಿ ಯಾರಾದರೂ ಆಡಿದರೆ ಅಲ್ಲೇ ತಿದ್ದಿ. ಯಾರೆಂದು ನೋಡಿ ಬಾಗಿಲು ಹಾಕಬೇಡಿ, ಹೇಗೆ ಬದುಕಿದ್ದಾರೆಂದು ಕೇಳಿ ಎಂದು ನಿಯಮ ಮಾಡುವವರಿಗೂ ಹೇಳಿ.

ಅವರು ಬಾಗಿಲು ತೆರೆಯುವವರೆಗೆ ಯಮನಮ್ಮ ರಕ್ತನಿಧಿಯ ಹೊರಗಿನ ಬೆಂಚಿನ ಮೇಲೇ ಕೂತಿರುತ್ತಾಳೆ. ಅವಳ ತೋಳು ಬೇಡವೆಂದರು. ನಿಮ್ಮ ತೋಳನ್ನು ಯಾರು ಬೇಡವೆಂದಿದ್ದಾರೆ?