ಹನ್ನೊಂದು ನಿಮಿಷ ನಲವತ್ತೆರಡು ಸೆಕೆಂಡು

ಸಿಡಿಯನ್ನು ಒರೆಸುವಾಗ ಬಟ್ಟೆಯನ್ನು ಸುತ್ತ ತಿರುಗಿಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಇದನ್ನು ಝಕರಿಯಾನಿಗೆ ಕಲಿಸಿದವರು ಅಣ್ಣು ಶೆಟ್ರು. ಸೌದಿಯ ದಮಾಮಿನ ಅಂಗಡಿಯಲ್ಲಿ ಇಪ್ಪತ್ತಮೂರು ವರ್ಷ ಸಿಡಿ ಪ್ಲೇಯರ್ ಮಾರಿ ಬಂದವನಿಗೆ, ಮುಂಬೈಯ ಹೋಟೆಲು ಮುಚ್ಚಿ ಸಿದ್ಧಕಟ್ಟೆಯಲ್ಲಿ ದನ ಸಾಕಿಕೊಂಡಿದ್ದವರು ಕಲಿಸಿದ ಪಾಠ! ಬೇರೆ ಯಾರಾದರೂ ಆಗಿದ್ದರೆ ಮುಚ್ಚಿಡುತ್ತಿದ್ದರು, ಝಕರಿಯಾ ಮಾತ್ರ ಅದನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವರಿಬ್ಬರ ಪರಿಚಯವಾದದ್ದು ಜಗಳದಿಂದ. ಎಂಟು ವರ್ಷದ ಹಿಂದೆ ಮೂಡುಬಿದಿರೆಯಲ್ಲಿ ಮೂಸಬ್ಬನವರ ಗುಜರಿ ಅಂಗಡಿಗೆ ಯಾರದೋ ಮನೆಯಿಂದ ಒಂದು ರಟ್ಟಿನ ಪೆಟ್ಟಿಗೆ ತುಂಬ ಸಿಡಿಗಳು ಬಂದಿದ್ದವು. ಇಬ್ಬರೂ ಒಟ್ಟಿಗೇ ಕೈ ಹಾಕಿದರು.

“ನಾನು ಮೊದಲು ನೋಡಿದ್ದು,” ಎಂದ ಝಕರಿಯಾ.

“ನೋಡ್ಲಿಕ್ಕೆ ಇದೆಂತ ಸಿನಿಮಾವಾ? ಕೇಳ್ಲಿಕ್ಕೆ ಯಾರಿಗೆ ಗೊತ್ತುಂಟೋ ಅವರು ತಕೊಳ್ಳಲಿ,” ಎಂದರು ಶೆಟ್ರು.

ಮೂಸಬ್ಬ ಕುಳಿತಲ್ಲಿಂದಲೇ ಕೂಗಿದರು: “ನಾನು ಈ ಬೀಡಿ ಮುಗಿಸುದರೊಳಗೆ ತೀರ್ಮಾನ ಮಾಡಿ. ಇಲ್ಲದಿದ್ರೆ ಹಕ್ಕಿ ಓಡಿಸ್ಲಿಕ್ಕೆ ತರಕಾರಿ ಚಪ್ಪರಕ್ಕೆ ಕಟ್ಟುವವರು ಬರ್ತಾರೆ, ಅವರಿಗೆ ಕೊಟ್ಟುಬಿಡ್ತೇನೆ.”

ಆ ಮಾತಿಗೆ ಇಬ್ಬರೂ ಒಟ್ಟಿಗೇ ಹೆದರಿದರು. ಪೆಟ್ಟಿಗೆ ಒಂದೇ ಸ್ಕೂಟರಿನಲ್ಲಿ ಬಂಟ್ವಾಳಕ್ಕೆ ಬಂತು. ಹಿಂದೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತವರು ಶೆಟ್ರು.

ಅಂದಿನಿಂದ ಪ್ರತಿ ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಶೆಟ್ರು ಬಸ್ಸು ಹತ್ತಿ ಬರುತ್ತಿದ್ದರು. ಬಂಟ್ವಾಳ ಪೇಟೆಯಲ್ಲಿ ಝಕರಿಯಾನ ತಮ್ಮ ಉನೈಸನದು ಚಪ್ಪಲಿ ಅಂಗಡಿ. ಅದರ ಮಾಳಿಗೆಯ ಕೋಣೆಯಲ್ಲಿ ಮೂರು ಗೋಡೆಗೆ ಸಿಡಿಗಳು, ನಾಲ್ಕನೆಯದಕ್ಕೆ ಪ್ಲೇಯರು ಮತ್ತು ಎರಡು ಸ್ಪೀಕರು. ಮಳೆಗಾಲದಲ್ಲಿ ಡಿಸ್ಕಿಗೆ ಬೂಸ್ಟು ಹಿಡಿಯದಿರಲಿ ಎಂದು, ಹೊಸ ಶೂಗಳ ಡಬ್ಬದಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನೆಲ್ಲ ಝಕರಿಯಾ ತಂದು ಸಿಡಿಗಳ ನಡುವೆ ತುರುಕಿದ್ದ. “ನನ್ನ ಶೂಗಳು ಒದ್ದೆಯಾದರೂ ಅಡ್ಡಿಲ್ಲ, ಅಣ್ಣನ ಪದ್ಯ ಒಣಗಿರ್ಬೇಕು,” ಎಂದು ಉನೈಸ್ ಗೊಣಗುತ್ತಿದ್ದ.

ಸಾವಿರದ ನೂರು ಡಿಸ್ಕುಗಳಲ್ಲಿ ಇಬ್ಬರಿಗೂ ಪ್ರಾಣವಾದದ್ದು ಒಂದು ಸ್ಯಾಕ್ಸೋಫೋನ್ ಕಚೇರಿ. ಯಾವುದೋ ಸಭಾಭವನದಲ್ಲಿ ಜನರ ಮುಂದೆಯೇ ರೆಕಾರ್ಡ್ ಮಾಡಿದ್ದು. ಮೂರನೆಯ ಟ್ರ್ಯಾಕಿನಲ್ಲಿ ಸ್ಯಾಕ್ಸೋಫೋನು ಇಳಿದು ಇಳಿದು ಒಂದು ಕಡೆ ಪೂರ್ತಿ ನಿಲ್ಲುತ್ತದೆ. ಮೃದಂಗ ಇನ್ನೂ ಎತ್ತಿಲ್ಲ. ಸಭೆಯೆಲ್ಲ ಉಸಿರು ಬಿಗಿಹಿಡಿದ ಆ ಹೊತ್ತಿಗೆ ಸರಿಯಾಗಿ, ಹನ್ನೊಂದು ನಿಮಿಷ ನಲವತ್ತೆರಡು ಸೆಕೆಂಡಿಗೆ, ಸಭಿಕರಲ್ಲಿ ಯಾರೋ ಒಬ್ಬ ಕೆಮ್ಮುತ್ತಾನೆ. ಒಂದೇ ಸಲ. ತಡೆದು ತಡೆದು ಸೋತವನ ಕೆಮ್ಮು. ಪ್ರತಿ ಸಲವೂ ಶೆಟ್ರು ತೊಡೆ ತಟ್ಟಿ, “ಪಾಪ, ಇವತ್ತಿಗೂ ಗುಣ ಆಗ್ಲಿಲ್ಲ!” ಎನ್ನುತ್ತಿದ್ದರು. ಪ್ರತಿ ಸಲವೂ ಝಕರಿಯಾ ಮೊದಲ ಬಾರಿ ಕೇಳಿದವನಂತೆ ನಗುತ್ತಿದ್ದ. ಆ ಮನುಷ್ಯನಿಗೆ ಅವರು ಕೆಮ್ಮು ಮಾವ ಎಂದು ಹೆಸರಿಟ್ಟಿದ್ದರು.

ಈ ವರ್ಷ ಜನವರಿಯಲ್ಲಿ ಮೂಸಬ್ಬನವರ ಗುಜರಿಗೆ ಯಾರೋ ಡಾಕ್ಟರರ ಮನೆಯಿಂದ ಒಂದು ಜಪಾನಿನ ಪ್ಲೇಯರು ಬಂತು. ಎತ್ತಲು ಎರಡೂ ಕೈ ಬೇಕು, ಅಷ್ಟು ಭಾರ. ಅದರ ಡಿಸ್ಪ್ಲೇ ಸತ್ತಿತ್ತು; ಎಷ್ಟನೆಯ ಟ್ರ್ಯಾಕು, ಎಷ್ಟು ನಿಮಿಷವಾಯಿತು ಎಂದು ತೋರಿಸುವ ನೀಲಿ ಅಂಕೆಗಳ ಜಾಗದಲ್ಲಿ ಬರೀ ಕಪ್ಪು ಗಾಜು. ಸ್ವರವೋ! ಝಕರಿಯಾ ಗುಜರಿಯ ಕಬ್ಬಿಣದ ರಾಶಿಯ ನಡುವೆ ನಿಂತು ಕೇಳಿ, ಈ ಸ್ವರ ಶೆಟ್ರ ಕಿವಿಗೇ ಸೇರಬೇಕಾದದ್ದು ಎಂದುಕೊಂಡ. ಮೂಸಬ್ಬ ಬದಲಿಗೆ ಝಕರಿಯಾನ ಹಳೆಯ ಪ್ಲೇಯರನ್ನು ಕೇಳಿದರು. ಬೆಳ್ತಂಗಡಿಯಲ್ಲಿ ಮಕ್ಕಳಿಗೆ ಡ್ಯಾನ್ಸ್ ಕಲಿಸುವ ಕಾಂತಿ ಟೀಚರಿಗೆ ಅಂಕೆ ಕಾಣುವ ಒಂದು ಪ್ಲೇಯರು ಬೇಕಿತ್ತಂತೆ. ಝಕರಿಯಾ ಎರಡನೆಯ ಮಾತಿಲ್ಲದೆ ಕೊಟ್ಟುಬಿಟ್ಟ.

ಆದಿತ್ಯವಾರ ಶೆಟ್ರು ಕುರ್ಚಿಯಲ್ಲಿ ಕುಳಿತು ಹೊಸ ಮೆಷಿನಿನ ಕಪ್ಪು ಗಾಜನ್ನೇ ನೋಡಿದರು.

“ನಂಬ್ರ ಬರುದಿಲ್ವಾ?”

“ಇಲ್ಲ ಶೆಟ್ರೇ. ಒಳ್ಳೇದೇ ಆಯ್ತು! ದೊಡ್ಡ ದೊಡ್ಡ ಮೆಷಿನಿನಲ್ಲಿ ಅದನ್ನು ಆಫ್ ಮಾಡ್ಲಿಕ್ಕೇ ಬೇರೆ ಬಟನ್ ಉಂಟು. ಲೈಟ್ ಇಲ್ಲದಿದ್ರೆ ಸ್ವರ ಇನ್ನೂ ಚೊಕ್ಕ ಅಂತೆ.”

“ಹೌದಾ,” ಎಂದರು ಶೆಟ್ರು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮೂರನೆಯ ಟ್ರ್ಯಾಕು ಶುರುವಾಯಿತು. ಝಕರಿಯಾ ಕಣ್ಣು ಮುಚ್ಚಿದ. ಸ್ಯಾಕ್ಸೋಫೋನಿನವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಸ್ವರ ಮೇಲೆ ಮೇಲೆ ಹೋಗಿ ಎದೆ ತುಂಬುತ್ತಿದ್ದ ಹೊತ್ತಿಗೆ ತೊಡೆ ತಟ್ಟಿದ ಸದ್ದು.

“ಪಾಪ, ಇವತ್ತಿಗೂ ಗುಣ ಆಗ್ಲಿಲ್ಲ!”

ಝಕರಿಯಾ ಕಣ್ಣು ತೆರೆದ. ಕೆಮ್ಮು ಬಂದಿರಲಿಲ್ಲ. ಬರಲು ಇನ್ನೂ ಎರಡು ನಿಮಿಷವಿತ್ತು. ಶೆಟ್ರು ಅವನ ಮುಖವನ್ನು ನೋಡುತ್ತಿದ್ದರು, ನಗು ಬರಲಿ ಎಂದು ಕಾಯುವವರಂತೆ. ಅವನು ನಕ್ಕ. ಹೇಗೆ ನಕ್ಕನೋ ಅವನಿಗೇ ಗೊತ್ತಿಲ್ಲ.

ಎರಡು ನಿಮಿಷದ ಮೇಲೆ ನಿಜವಾದ ಕೆಮ್ಮು ಬಂತು. ಮೆಟ್ಟಿಲ ಮೇಲೆ ಯಾರೋ ನಿಂತು ಕೆಮ್ಮಿದಷ್ಟು ಸ್ಪಷ್ಟ. ಶೆಟ್ರು ತಲೆದೂಗುತ್ತಾ ತಾಳ ಹಾಕುತ್ತಿದ್ದರು.

ಆಮೇಲೆ ಝಕರಿಯಾ ಮಾಡಿದ್ದನ್ನು ನೆನೆದರೆ ಅವನಿಗೆ ಈಗಲೂ ಮೈ ಹಿಡಿಯಾಗುತ್ತದೆ. ರಿಮೋಟನ್ನು ಬೆನ್ನ ಹಿಂದೆ ಹಿಡಿದು ವಾಲ್ಯೂಮನ್ನು ಇಳಿಸುತ್ತಾ ಇಳಿಸುತ್ತಾ ಸೊನ್ನೆಗೆ ತಂದ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಶೆಟ್ರ ಕೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಅವಸರದಲ್ಲಿ ವಾಲ್ಯೂಮನ್ನು ಮೊದಲಿನಂತೆ ಮಾಡಿದ.

“ಎಂತ ಸ್ವರ ಮಾರಾಯ!” ಎಂದರು ಶೆಟ್ರು, ಹೊರಡುವಾಗ. “ಹಳೆಯದರಲ್ಲಿ ಇದೆಲ್ಲ ಎಲ್ಲಿತ್ತು!”

ಅವರು ಹೋದ ಮೇಲೆ ಝಕರಿಯಾನಿಗೆ ಒಂದೊಂದೇ ಹೊಳೆಯಿತು. ಮೊದಲೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದವರು ಎರಡು ವರ್ಷದಿಂದ ಕಣ್ಣು ತೆರೆದು ಕೂರುತ್ತಿದ್ದರು, ಮುಚ್ಚಿದರೆ ನಿದ್ರೆ ಬರುತ್ತದೆ ಎನ್ನುತ್ತಿದ್ದರು. ಹೊಸ ಡಿಸ್ಕು ತಂದರೆ “ಹಳೆಯದನ್ನೇ ಹಾಕುವ” ಎನ್ನುತ್ತಿದ್ದರು. ಮಾತು ಹೆಚ್ಚು ಮಾಡಿದ್ದರು, ಬೇರೆಯವರಿಗೆ ಬಾಯಿ ತೆರೆಯಲು ಎಡೆ ಕೊಡುತ್ತಿರಲಿಲ್ಲ. ಕೊಟ್ಟರೆ ತುಟಿಯನ್ನೇ ನೋಡುತ್ತಿದ್ದರು. ಇಷ್ಟು ಕಾಲ ಅವರು ಆ ನೀಲಿ ಅಂಕೆಗಳನ್ನು ನೋಡಿಕೊಂಡು ಕೇಳಿದ ಹಾಗೆ ಮಾಡುತ್ತಿದ್ದರು. ಅದನ್ನೂ ತಾನೇ ಕೈಯಾರೆ ಕಿತ್ತು ಕೊಟ್ಟು ಬಂದೆನಲ್ಲ!

ಮಂಗಳವಾರ ಬೆಳ್ತಂಗಡಿಗೆ ಹೋದ. ಕಾಂತಿ ಟೀಚರ್ ಅವನ ಹಳೆಯ ಪ್ಲೇಯರನ್ನು ಸ್ಟೂಲಿನ ಮೇಲೆ ಇಟ್ಟು, ಅಂಕೆ ನೋಡಿ ನಿಲ್ಲಿಸಿ, ಮತ್ತೆ ಹಿಂದೆ ಹಾಕಿ, “ಒಂದು ಮಿನಿಟು ಹತ್ತಕ್ಕೆ ಬಲಗಾಲು!” ಎಂದು ಕೂಗುತ್ತಿದ್ದರು. ಇಪ್ಪತ್ತು ಮಕ್ಕಳು ಬಲಗಾಲು ಎತ್ತಿ ಕಾಯುತ್ತಿದ್ದರು. “ಒಳ್ಳೆ ಪ್ಲೇಯರ್ ಕೊಟ್ರಿ, ದೇವರು ನಿಮ್ಮನ್ನು ಚೆನ್ನಾಗಿ ಇಡ್ಲಿ,” ಎಂದರು ಟೀಚರ್. ಝಕರಿಯಾ ಬಂದ ಕಾರಣವನ್ನು ಬಾಯಿಯಲ್ಲೇ ನುಂಗಿ, ಅವರು ಕೊಟ್ಟ ಚಾ ಕುಡಿದು ಬಂದ.

ಮರುದಿನ ಬೆಳಿಗ್ಗೆ ಸಿದ್ಧಕಟ್ಟೆಗೆ ಹೋದ. ಶೆಟ್ರು ಹಟ್ಟಿಯ ಬಳಿ ಬೆನ್ನು ಹಾಕಿ ದನಕ್ಕೆ ಹುಲ್ಲು ಹಾಕುತ್ತಿದ್ದರು. “ಶೆಟ್ರೇ!” ಎಂದ. ಇನ್ನೂ ಹತ್ತಿರ ಹೋಗಿ ಮತ್ತೆ ಕರೆದ. ದನ ತಿರುಗಿ ನೋಡಿತು.

“ಕರೆಯುದು ಬೇಡ ಝಕರಿಯಾ, ಈಚೆ ಬನ್ನಿ,” ಎಂದು ಜಗಲಿಯಿಂದ ಜಲಜಾಕ್ಷಿಯಕ್ಕ ಹೇಳಿದರು. ಶೆಟ್ರ ಹೆಂಡತಿ. ನೀರು ಬೆಲ್ಲ ತಂದಿಟ್ಟು, ಒಳಗೆ ಹೋಗಿ ಒಂದು ಸಣ್ಣ ಡಬ್ಬ ತಂದರು. ಅದರಲ್ಲಿ ಕಿವಿಗೆ ಹಾಕುವ ಮೆಷಿನು. “ಮಂಗಳೂರಿನಲ್ಲಿ ತೋರಿಸಿ ತಂದದ್ದು. ಎರಡೇ ದಿವಸ ಹಾಕಿದ್ದು. ಇದರಲ್ಲಿ ಪದ್ಯ ಎಲ್ಲ ಕುಕ್ಕರ್ ಕೂಗಿದ ಹಾಗೆ ಕೇಳ್ತದೆ ಅಂತ ಡಬ್ಬಕ್ಕೆ ಹಾಕಿ ಇಟ್ರು. ಆಮೇಲೆ ನನಗೆ ಬೇಡ, ಕಿವಿ ಸರಿ ಆಗಿದೆ ಅಂದ್ರು.”

ಡಬ್ಬದ ಮುಚ್ಚಳ ಹಾಕಿ ಝಕರಿಯಾನ ಕಡೆ ತಿರುಗಿದರು.

“ಒಂದು ಕೇಳ್ತೇನೆ, ಸುಳ್ಳು ಹೇಳ್ಬಾರ್ದು. ಆದಿತ್ಯವಾರ ನಿಮ್ಮಲ್ಲಿಂದ ಬಂದವರು ಅಲ್ಲಿ ಅವನು ಬಾರಿಸಿದ, ಇಲ್ಲಿ ಇವನು ಕೆಮ್ಮಿದ ಅಂತ ಎಲ್ಲ ಹೇಳ್ತಾರೆ. ನಾನು ಊಟಕ್ಕೆ ಬನ್ನಿ ಅಂತ ಮೂರು ಸಲ ಕರೆದ್ರೂ ಇಲ್ಲ. ಅಲ್ಲಿ ಅವರಿಗೆ ಕೇಳ್ತದಾ?”

“ಕೇಳ್ತದೆ ಅಕ್ಕ,” ಎಂದ ಝಕರಿಯಾ. ಗೆಳೆಯನ ಮಾನ ಕಾಯುವುದು ಅವನಿಗೆ ಆ ಗಳಿಗೆಯಲ್ಲಿ ಸುಲಭವಾಗಿಯೇ ಕಂಡಿತು.

ಜಲಜಾಕ್ಷಿಯಕ್ಕ ತಲೆಯಾಡಿಸಿದರು. “ಹಾಗಾದ್ರೆ ನಾನು ಎಣಿಸಿದ್ದೇ ಸರಿ. ನನ್ನ ಸ್ವರ ಮಾತ್ರ ಬೇಡ ಅವರಿಗೆ. ಮೂವತ್ತೆಂಟು ವರ್ಷ ಆಯ್ತು, ಸಾಕಾಗಿರ್ಬಹುದು.”

ಝಕರಿಯಾ ಕೈಯಲ್ಲಿದ್ದ ಬೆಲ್ಲದ ತುಂಡನ್ನು ತಟ್ಟೆಗೆ ವಾಪಸ್ಸು ಇಟ್ಟ. “ಇಲ್ಲ ಅಕ್ಕ,” ಎಂದ. “ನಾನು ಹೇಳಿದ್ದು ಸುಳ್ಳು. ಅಲ್ಲಿಯೂ ಕೇಳುದಿಲ್ಲ. ಒಂದೂ ಕೇಳುದಿಲ್ಲ.”

ಅವರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿತ್ತು. ಹಿಂದೆ ಬರುವಾಗ ಕೈಯಲ್ಲಿ ಶೆಟ್ರ ಒಂದು ನೋಟ್‌ಬುಕ್ಕು. “ಇದು ಎಂತದಂತ ನನಗೆ ಗೊತ್ತಿರ್ಲಿಲ್ಲ. ಹಾಲಿನ ಲೆಕ್ಕ ಅಂತ ಎಣಿಸಿದ್ದೆ.”

ಪುಟ ತುಂಬ ಪೆನ್ಸಿಲಿನ ಅಕ್ಷರ. ಒಂದೊಂದು ಡಿಸ್ಕಿನ ಹೆಸರು, ಕೆಳಗೆ ನಿಮಿಷ, ಸೆಕೆಂಡು. *4-15 ಪಿಟೀಲು ಒಬ್ಬನೇ. 7-30 ಜನ ಕೈ ತಟ್ಟುತ್ತಾರೆ. 11-42 ಕೆಮ್ಮು ಮಾವ. ಝಕರಿಯಾ ನಗುತ್ತಾನೆ.* ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಕೂಡಿಡುವ ಹಾಗೆ, ಕಿವಿ ಕೇಳುವಷ್ಟು ದಿನ ಕೇಳಿ ಬರೆದಿಟ್ಟದ್ದು.

ಮುಂದಿನ ಆದಿತ್ಯವಾರ ಮೆಟ್ಟಿಲ ಮೇಲೆ ಎರಡು ಜೊತೆ ಕಾಲಿನ ಸದ್ದು. ಶೆಟ್ರ ಹಿಂದೆ ಜಲಜಾಕ್ಷಿಯಕ್ಕ, ಕೈಯಲ್ಲಿ ಹಲಸಿನ ಹಪ್ಪಳದ ಪ್ಲಾಸ್ಟಿಕ್ ತೊಟ್ಟೆ.

“ಇವಳಿಗೂ ಕೆಮ್ಮು ಮಾವನನ್ನು ಕೇಳ್ಬೇಕಂತೆ,” ಎಂದರು ಶೆಟ್ರು. “ಇಷ್ಟು ವರ್ಷ ಇಲ್ಲದ್ದು ಈಗ ಹುಟ್ಟಿದ್ದು.” ನಗುತ್ತಿದ್ದರು, ಕಣ್ಣು ಮಾತ್ರ ಕಪ್ಪು ಗಾಜಿನ ಕಡೆಗೆ ಹೋಗಿ ಬಂತು.

ಝಕರಿಯಾ ಒಂದು ಕುರ್ಚಿಯನ್ನು ಮೆಷಿನಿನ ಪಕ್ಕದಲ್ಲೇ, ಶೆಟ್ರಿಗೆ ಸರಿಯಾಗಿ ಎದುರು ಇಟ್ಟ. ಜಲಜಾಕ್ಷಿಯಕ್ಕ ಅದರಲ್ಲಿ ಕುಳಿತರು. ಮೂರನೆಯ ಟ್ರ್ಯಾಕು. ಸ್ಯಾಕ್ಸೋಫೋನು ಏರಿತು, ಇಳಿಯಿತು, ಇನ್ನೂ ಇಳಿದು ನಿಂತಿತು. ಶೆಟ್ರು ಈ ಸಲ ತೊಡೆ ತಟ್ಟಲಿಲ್ಲ. ತಪ್ಪಿದರೆ ಎಂಬ ಹೆದರಿಕೆ ಅವರ ಬೆರಳುಗಳಲ್ಲಿ ಕಾಣುತ್ತಿತ್ತು.

ಕೆಮ್ಮು ಬಂತು. ಜಲಜಾಕ್ಷಿಯಕ್ಕ ಬೆಚ್ಚಿ ಬಾಗಿಲಿನ ಕಡೆ ತಿರುಗಿದರು. “ಯಾರದು? ಪಾಪ, ನೀರಾದ್ರೂ ಕೊಡಿ!” ಮರುಕ್ಷಣ ಗೊತ್ತಾಗಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಶೆಟ್ರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಮೃದಂಗ ಎತ್ತಿತು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು:

“ಈಗ ಕೆಮ್ಮಿದನಾ?”

ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಅಂಥದೊಂದು ಪ್ರಶ್ನೆ ಕೇಳಿರಲಿಲ್ಲ. ಝಕರಿಯಾ ಹೌದೆಂದು ತಲೆಯಾಡಿಸಿದ.

“ಮೊದಲು ತಾಳದ ಕಿಣಿಕಿಣಿ ಹೋಯ್ತು,” ಎಂದರು ಶೆಟ್ರು. “ಆಮೇಲೆ ಇವನ ಕೆಮ್ಮು. ಸ್ಯಾಕ್ಸೋಫೋನು ಆಚೆ ವರ್ಷದ ದೀಪಾವಳಿವರೆಗೆ ಇತ್ತು. ಮೃದಂಗ ಈಗಲೂ ಸ್ವಲ್ಪ ಉಂಟು, ಕಾಲಿನ ಅಡಿಯಲ್ಲಿ.”

“ನನಗೆ ಯಾಕೆ ಹೇಳ್ಲಿಲ್ಲ ಶೆಟ್ರೇ?” ಝಕರಿಯಾ ತುಟಿ ಕಾಣುವ ಹಾಗೆ ಮುಂದೆ ಬಾಗಿ ಕೇಳಿದ.

“ಹೇಳಿದ್ರೆ ಆದಿತ್ಯವಾರ ನಾನು ಎಲ್ಲಿಗೆ ಹೋಗುದು ಮಾರಾಯ?”

ಜಲಜಾಕ್ಷಿಯಕ್ಕ ಕುರ್ಚಿಯನ್ನು ಮುಂದೆ ಎಳೆದುಕೊಂಡು, ಗಂಡನ ಮೊಣಕಾಲು ಮುಟ್ಟಿ, ನಿಧಾನವಾಗಿ ಕೇಳಿದರು: “ನನ್ನ ಸ್ವರ ಹೋದದ್ದು ಯಾವಾಗ?”

ಶೆಟ್ರು ಹೆಂಡತಿಯ ತುಟಿಯಿಂದ ನೋಟವನ್ನು ಅವರ ಕಣ್ಣಿಗೆ ಎತ್ತಿದರು.

“ಅದು ಗೊತ್ತೇ ಆಗ್ಲಿಲ್ಲ. ನೀನು ಎಂತ ಹೇಳ್ತಿ ಅಂತ ನನಗೆ ಮೊದಲೇ ಗೊತ್ತಿರ್ತದಲ್ಲ, ಕೇಳ್ತಾ ಉಂಟು ಅಂತಲೇ ಎಣಿಸಿದ್ದೆ. ಒಂದು ದಿವಸ ನೀನು ಬಾಗಿಲಲ್ಲಿ ನಿಂತು ಅಳ್ತಾ ಇದ್ದಿ. ಯಾಕೆ ಅಂತ ನನಗೆ ಗೊತ್ತಾಗ್ಲಿಲ್ಲ. ಆವತ್ತು ಗೊತ್ತಾದದ್ದು.”

ಜಲಜಾಕ್ಷಿಯಕ್ಕ ಕೈಯನ್ನು ಅವರ ಮೊಣಕಾಲಿನಿಂದ ತೆಗೆಯಲಿಲ್ಲ. ಡಿಸ್ಕು ಕೊನೆಯವರೆಗೆ ಹೋಗಿ ನಿಂತಿತು. ನಿಂತದ್ದು ತಿಳಿದವರು ಇಬ್ಬರೇ.

ಝಕರಿಯಾ ಎದ್ದು ಟ್ರೇಯಿಂದ ಡಿಸ್ಕನ್ನು ತೆಗೆದ. ಶೆಟ್ರು ಜೋಬಿನಿಂದ ನೋಟ್‌ಬುಕ್ಕು ತೆಗೆದು ಹೆಂಡತಿಯ ಮಡಿಲಿಗೆ ಹಾಕಿದರು.

“ಇದನ್ನೇ ಇನ್ನೊಮ್ಮೆ ಹಾಕು ಝಕರಿಯಾ. ಇವಳು ಸರಿಯಾಗಿ ಕೇಳ್ಲಿಲ್ಲ. ಎಲ್ಲೆಲ್ಲಿ ಎಂತ ಉಂಟು ಅಂತ ಇದರಲ್ಲಿ ಬರೆದಿದ್ದೇನೆ, ನೋಡಿಕೊಂಡು ಕೇಳ್ಲಿ.”

ಝಕರಿಯಾ ಡಿಸ್ಕನ್ನು ಒರೆಸಿದ, ನಡುವಿನಿಂದ ಅಂಚಿಗೆ. ನಿಮಿಷ, ಸೆಕೆಂಡು ನೋಡಲೆಂದು ಮೊಬೈಲನ್ನು ಜಲಜಾಕ್ಷಿಯಕ್ಕನ ಕೈಗೆ ಕೊಟ್ಟು ಟ್ರೇಯನ್ನು ಒಳಗೆ ತಳ್ಳಿದ. ಅವರು ಕನ್ನಡಕ ಹಾಕಿಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟರು.

“ಶುರುವಾಯ್ತಾ?” ಎಂದು ಕೇಳಿದರು ಶೆಟ್ರು.