ಡಾಕ್ಟ್ರು ಬರ್ತಾನೆ

ಈ ಸಲ ಕೊಲೆಗಾರನನ್ನು ತಾನೇ ಹಿಡಿಯಬೇಕೆಂದು ಲಹರಿ ಹಟ ತೊಟ್ಟಿದ್ದಳು. ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳನ್ನು ಎಷ್ಟು ಓದಿದರೂ ಕೊನೆಯ ಅಧ್ಯಾಯ ಪ್ರತಿ ಸಲ ಅವಳನ್ನು ಪೆದ್ದಿ ಮಾಡಿಬಿಡುತ್ತಿತ್ತು. ಹಿಮ ಬಿದ್ದು ದಾರಿ ಮುಚ್ಚಿದ ಬಂಗಲೆ, ಓದುವ ಕೋಣೆಯಲ್ಲಿ ಸತ್ತು ಬಿದ್ದ ಯಜಮಾನ, ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ ಊಟಕ್ಕೆ ಕೂತ ನೆಂಟರು! ಆಹಾ! ಜಯಲಕ್ಷ್ಮಿಪುರಂನ ಸೋದರತ್ತೆಯ ಮನೆಗೆಂದು ಬಂದವಳು ಆ ಬಂಗಲೆಯಲ್ಲೇ ಸಂಸಾರ ಹೂಡಿದ್ದಳು. ಅನುಮಾನ ಯಜಮಾನನ ಅಕ್ಕನ ಮೇಲೆ. ಕಿವಿಯೇ ಕೇಳಿಸದು ಎನ್ನುವ ಮುದುಕಿಗೆ ಪಕ್ಕದ ಕೋಣೆಯ ಗಡಿಯಾರದ ಟಿಕ್‌ಟಿಕ್ ನಿಂತದ್ದು ಹೇಗೆ ಗೊತ್ತಾಯಿತು?

ಅಷ್ಟರಲ್ಲಿ ರಮಾಮಣಿ ಅತ್ತೆ ಕಾಫಿ ತಂದರು. ಪುಸ್ತಕ ಅವರದೇ, ಕಾಲೇಜಿನಲ್ಲಿದ್ದಾಗ ಓದಿದ್ದು.

"ಎಲ್ಲಿಗೆ ಬಂದ್ಯೇ? ಅವ್ರಕ್ಕ ಸ್ವೆಟರ್ ಹೆಣೀತಾ ಕೂತಿರ್ತಾರೆ, ಬಟ್ಲರ್ ಟ್ರೇ ಬೀಳಿಸ್ಬಿಡ್ತಾರೆ ಪಾಪ, ಆಮೇಲೆ ಡಾಕ್ಟ್ರು ಬರ್ತಾನೆ..."

"ಏನಂದ್ರಿ?"

"ಡಾಕ್ಟ್ರು ಬರ್ತಾನೆ ಅಂದೆ."

ಬರ್ತಾನೆ! ಸೊಪ್ಪಿನವರಿಗೂ ಸಿಲಿಂಡರಿನವರಿಗೂ ಬಹುವಚನ ಬಿಟ್ಟು ಮಾತಾಡದ ಅತ್ತೆ! ಬಾಗಿಲಿಗೆ ಬಂದ ಕಳ್ಳನಿಗೂ 'ಬನ್ನಿ' ಅನ್ನುವವರು!

"ಅತ್ತೆ, ಕೊಲೆಗಾರ ಯಾರು ಅಂತ ಹೇಳೇಬಿಟ್ರಲ್ಲ!"

"ನಾನೆಲ್ಲೇ ಹೇಳ್ದೆ?"

"ಬಟ್ಲರ್‌ಗೆ 'ತಾರೆ', ಡಾಕ್ಟ್ರಿಗೆ 'ತಾನೆ'! ನಂಗೇನು ಕನ್ನಡ ಬರಲ್ವಾ? ಎಲ್ಲಾ ಹಾಳ್ಮಾಡ್ಬಿಟ್ರಿ!"

ಲಹರಿ ಕೋಣೆಗೆ ಹೋಗಿ ಬಾಗಿಲನ್ನು ದಢಾರನೆ ಹಾಕಿಕೊಂಡಳು. ಉಳಿದ ಮೂರು ಅಧ್ಯಾಯಗಳನ್ನು ಹಲ್ಲು ಕಡಿಯುತ್ತಲೇ ಓದಿದಳು. ಡಾಕ್ಟರು ಕೆಮ್ಮಿದರೆ ಅದೂ ನಾಟಕ, ಕೈ ತೊಳೆದರೆ ಅದೂ ಸಾಕ್ಷಿ. ಮುದುಕಿಯ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಯ ಪುಟಗಳಲ್ಲಿ ಪತ್ತೇದಾರ ಎದ್ದು ನಿಂತ. ಡಾಕ್ಟರನ್ನು ದಾಟಿ ಹೋಗಿ ಮುದುಕಿಯ ಮುಂದೆ ನಿಂತು ಕೇಳಿದ: ಗಡಿಯಾರ ನಿಂತದ್ದು ನಿಮಗೆ ಹೇಗೆ ಕೇಳಿಸಿತು?

ಲಹರಿಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕ ಹಿಡಿದೇ ಅಡುಗೆಮನೆಗೆ ನುಗ್ಗಿದಳು.

"ಡಾಕ್ಟ್ರಲ್ಲ!"

"ಹೌದು ಅಂತ ನಾನಂದ್ನಾ?" ಅತ್ತೆ ಹುರುಳಿಕಾಯಿ ಸೋಸುತ್ತಲೇ ಕೇಳಿದರು.

"ಮತ್ತೆ 'ಬರ್ತಾನೆ' ಅಂತ ಯಾಕಂದ್ರಿ?"

"ಮೊದಲ್ನೇ ದಿನವೇ ನಾಯಿಗೆ ಒದೀತಾನಲ್ಲೇ, ದರಿದ್ರದೋನು. ಅವನಿಗೆಂಥಾ ಮರ್ಯಾದೆ?"

"ಆ ಮುದುಕಿ ಸ್ವಂತ ತಮ್ಮಂಗೇ ವಿಷ ಹಾಕಿದ್ಲು! ಅವಳಿಗೆ ಮಾತ್ರ ಕೂತಿರ್ತಾರೆ, ನಿಂತಿರ್ತಾರೆ!"

"ವಯಸ್ಸಾದೋರು ಕಣೇ. ಹಾಗೆಲ್ಲ ಅನ್ಬಾರ್ದು."

"ಗಡಿಯಾರದ್ದು ನಾನು ಆಗ್ಲೇ ಹಿಡಿದಿದ್ದೆ ಅತ್ತೆ! ನಾನೇ ಹಿಡಿದಿದ್ದೆ!"

"ಹಿಡಿದಿದ್ದೋಳು ಯಾಕೆ ಬಿಟ್ಟೆ?"

ಲಹರಿಗೆ ಸಿಟ್ಟು ಇನ್ನಷ್ಟು ಏರಿತು. ಅತ್ತೆ ಅಡುಗೆಮನೆಗೇ ವಾಪಸ್ ತಂದಿಟ್ಟಿದ್ದ, ಆರಿ ಕೆನೆಗಟ್ಟಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಟಣ್ಣೆಂದು ಕುಕ್ಕಿದಳು.