ಬಸವಲಿಂಗಮ್ಮ ಕಳಿಸಿದ ಏಳು ಜನ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಯಶಸ್ವಿನಿಯ ಇನ್ಶೂರೆನ್ಸ್ ಏಜೆನ್ಸಿ ಇತ್ತು. ಹೋದ ವರ್ಷ ಅವಳು ಹೊಸದೊಂದು ಪದ್ಧತಿ ಶುರುಮಾಡಿದಳು. ಯಾರೇ ಒಬ್ಬರನ್ನು ತನ್ನ ಆಫೀಸಿಗೆ ಕಳಿಸಲಿ, ಬಂದವರು ಪಾಲಿಸಿ ಮಾಡಿಸಲಿ ಬಿಡಲಿ, ಕಳಿಸಿದವರಿಗೆ ಮುನ್ನೂರು ರೂಪಾಯಿ. ಕಳಿಸಿದವರು ತನ್ನ ಗಿರಾಕಿಯೇ ಆಗಿರಬೇಕೆಂದೂ ಇಲ್ಲ. ಗ್ಯಾರೇಜಿನವರು, ಜೆರಾಕ್ಸ್ ಅಂಗಡಿಯವರು ಖುಷಿಯಾಗಿ ಇಸಿದುಕೊಂಡು ಹೋಗುತ್ತಿದ್ದರು.

ಎರಡು ತಿಂಗಳಿಂದ ರಾಮನಾಥಪುರದ ಕಡೆಯವರು ಬರತೊಡಗಿದರು. ಯಾರು ಹೇಳಿದರು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಮೆಸ್ಸಿನ ಬಸವಲಿಂಗಮ್ಮ." ಒಟ್ಟು ಏಳು ಜನ. ಯಶಸ್ವಿನಿ ಕಂಪ್ಯೂಟರಿನಲ್ಲಿ ಹುಡುಕಿದಳು. ಆ ಹೆಸರಿನ ಗಿರಾಕಿ ಇರಲಿಲ್ಲ. ನೆಂಟರಲ್ಲೂ ಇಲ್ಲ. ದುಡ್ಡು ಕೇಳಿಕೊಂಡು ಅವಳೂ ಬರಲಿಲ್ಲ. ಕೊನೆಗೊಂದು ದಿನ ಕವರಿಗೆ ಹಣ ಹಾಕಿಕೊಂಡು ತಾನೇ ಅರಕಲಗೂಡಿನ ಮಾರ್ಗವಾಗಿ ರಾಮನಾಥಪುರಕ್ಕೆ ಹೊರಟಳು.

ಹೊಗೆಸೊಪ್ಪು ಹರಾಜಾಗುವ ಜಾಗದಿಂದ ನಾಲ್ಕು ಹೆಜ್ಜೆಗೆ ಮೆಸ್ಸು ಸಿಕ್ಕಿತು. ಒಲೆಯ ಮುಂದೆ ಅರವತ್ತರ ಹೆಂಗಸು ರೊಟ್ಟಿ ತಟ್ಟುತ್ತಿದ್ದಳು. ಗಲ್ಲಾದ ಹತ್ತಿರ ತೆಳ್ಳಗಿನ ಗಂಡ ಷಡಕ್ಷರಿ ಊಟದೆಲೆ ಒರೆಸುತ್ತ ಕೂತಿದ್ದ.

ಯಶಸ್ವಿನಿ ತಾನು ಯಾರೆಂದು ಹೇಳಿ ಕವರು ಚಾಚಿದಳು.

"ಯಾತುಕ್ಕವ್ವ ಇದು?" ಎಂದಳು ಬಸವಲಿಂಗಮ್ಮ.

"ಏಳು ಜನನ್ನ ಕಳ್ಸಿದೀರಲ್ಲಮ್ಮ, ಅದಕ್ಕೆ."

"ನಾನು ನಿಮ್ಮತ್ರ ಒಂದು ಪಾಲಿಸೀನೂ ಮಾಡ್ಸಿಲ್ಲ ಕಣವ್ವ."

"ಮಾಡ್ಸದೇ ಇದ್ರೂ ಕೊಡ್ತೀವಿ."

"ಇದೊಳ್ಳೆ ಕತೆಯಾಯ್ತಲ್ಲ," ಎಂದು ಅವಳು ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದಳು. "ದುಡ್ಡು ಈಸ್ಕಂಡ್ರೆ, ದುಡ್ಡಿಗೋಸ್ಕರ ಯೋಳ್ದೆ ಅಂತಾಯ್ತದೆ. ಆಮೇಲೆ ನನ್ನ ಮಾತು ಯಾರು ನಂಬ್ತಾರೆ?"

"ಮತ್ತೆ ಯಾಕಮ್ಮ ಕಳಿಸಿದ್ರಿ?"

ಬಸವಲಿಂಗಮ್ಮ ಗಂಡನ ಕಡೆ ನೋಡಿದಳು. ಮೂರು ವರ್ಷದ ಹಿಂದೆ ಷಡಕ್ಷರಿಗೆ ಎದೆನೋವು ಬಂದು, ಆಪರೇಷನ್ ಆಗಬೇಕು ಎಂದಿದ್ದರಂತೆ. ಇನ್ಶೂರೆನ್ಸ್ ಮಾಡಿಸಿದರೆ ಖರ್ಚು ಅವರೇ ಕೊಡುತ್ತಾರೆಂದು ಯಾರೋ ಹೇಳಿದ್ದರು. ಬಸವಲಿಂಗಮ್ಮ ಸರ ಅಡವಿಟ್ಟು ಯಶಸ್ವಿನಿಯ ಆಫೀಸಿಗೇ ಹೋಗಿದ್ದಳು.

"ಬ್ಯಾಡ ಅಂದ್ಬುಟ್ರು. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಬರುಸ್ಬೋದು, ಆದ್ರೆ ಆಮೇಲೆ ದುಡ್ಡು ಬರಾಕಿಲ್ಲ, ಕಟ್ಟಿದ್ದೂ ಓಯ್ತದೆ, ರೇಷನ್ ಕಾರ್ಡ್ ತಗಂಡು ಆಸನದ ದೊಡ್ಡಾಸ್ಪತ್ರೆಗೆ ಓಗಿ, ಪುಕ್ಸಟ್ಟೆ ಮಾಡ್ತಾರೆ ಅಂದ್ರು. ಚೀಟೀಲಿ ಬರ್ದೂ ಕೊಟ್ರು. ಅಲ್ಲಿಗೇ ಓದ್ವಿ, ಆಪರೇಸನ್ ಆಯ್ತು. ಇಲ್ಲೇ ಕೂತವ್ರೆ ನೋಡು."

ಯಶಸ್ವಿನಿ ಅವನನ್ನು ನೋಡಿದಳು. ಎಷ್ಟು ಯೋಚಿಸಿದರೂ ಇವರಿಬ್ಬರ ಮುಖ ನೆನಪಿಗೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ದಿನಗಳಲ್ಲಿ ತಾನು ಬಂದವರನ್ನು ಬೇಡವೆಂದು ಕಳಿಸುವವಳೇ ಆಗಿರಲಿಲ್ಲ. ಟಾರ್ಗೆಟ್ ಮುಟ್ಟದೆ ಬಾಡಿಗೆ ಕಟ್ಟಲೂ ಪರದಾಡುತ್ತಿದ್ದ ಕಾಲ.

"ಅಮ್ಮ, ಅದು ನಾನೇನಾ?"

"ನೀನಲ್ಲ ಕಣವ್ವ. ಕನ್ನಡಕದ ಉಡುಗಿ. ನಿನ್ನನ್ನ ಇವತ್ತೇ ನೋಡ್ತಿರಾದು."

ದಿವ್ಯಾ. ಯಶಸ್ವಿನಿಗೆ ಹೆಸರು ಥಟ್ಟನೆ ಹೊಳೆಯಿತು. ಆಫೀಸಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಕೈಗೆ ಬಂದ ಗಿರಾಕಿಯನ್ನು ವಾಪಸ್ಸು ಕಳಿಸಿದಳೆಂದು ಒಂದು ಸಂಜೆ ತಾನೇ ಅವಳನ್ನು ಎಲ್ಲರೆದುರು ಬೈದು ಕೆಲಸ ಬಿಡಿಸಿದ್ದಳು. ಆ ಗಿರಾಕಿ ಯಾರೆಂದು ಆಗ ಕೇಳಿರಲೂ ಇಲ್ಲ.

ಬಸವಲಿಂಗಮ್ಮ ಕವರು ಮುಟ್ಟಲಿಲ್ಲ. ಊಟ ಮಾತ್ರ ಬಲವಂತವಾಗಿ ಬಡಿಸಿದಳು. ಬಸ್ಸಿನಲ್ಲಿ ಬರುತ್ತ ಯಶಸ್ವಿನಿಗೆ ಏನೂ ತೋಚಲಿಲ್ಲ. ಯಾರಿಗೆ ಕೃತಜ್ಞಳಾಗಿರಬೇಕು? ಬೇಡವೆಂದ ಮಾತಿಗೆ ಏಳು ಜನ ಬಂದಿದ್ದಾರೆ. ಆ ಮಾತಾಡಿದವಳನ್ನು ತಾನೇ ಓಡಿಸಿದ್ದೇನೆ. ತಪ್ಪು ಒಪ್ಪಿಕೊಳ್ಳಲು ಹೋಗುವುದೋ, ಹಣ ಕೊಡಲು ಹೋಗುವುದೋ ಎಂಬುದೂ ಗೊತ್ತಾಗದೆ, ಮಾರನೆಯ ದಿನ ದಿವ್ಯಾಳನ್ನು ಹುಡುಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋದಳು.

ದಿವ್ಯಾ ಅಲ್ಲಿ ಸೀರೆ ಅಂಗಡಿಯಲ್ಲಿದ್ದಳು. ಯಶಸ್ವಿನಿಯನ್ನು ಕಂಡು ಬಿಚ್ಚಿದ ಸೀರೆ ಕೈಯಲ್ಲೇ ಹಿಡಿದು ನಿಂತಳು.

"ರಾಮನಾಥಪುರದ ಬಸವಲಿಂಗಮ್ಮ ನೆನಪಿದಾರಾ?"

"ಇಲ್ಲ ಮೇಡಂ. ಯಾರು?"

ಯಶಸ್ವಿನಿ ಎಲ್ಲ ಹೇಳಿದಳು. ದಿವ್ಯಾ ಸೀರೆ ಮಡಿಸುತ್ತ ಕೇಳಿಸಿಕೊಂಡಳು.

"ಹಾಗೆ ಸುಮಾರು ಜನಕ್ಕೆ ಹೇಳ್ತಿದ್ದೆ ಮೇಡಂ. ನೀವು ಬೈದ ಮೇಲೆ, ನನಗೆ ವ್ಯಾಪಾರ ಗೊತ್ತಿಲ್ಲ, ತಪ್ಪು ನಂದೇ ಅನ್ಕೊಂಡಿದ್ದೆ. ಇಲ್ಲೂ ಸೀರೆ ಚೆನ್ನಾಗಿಲ್ಲ ಅಂತ ಹೇಳೋಕೆ ಹೆದರ್ತೀನಿ."

ಯಶಸ್ವಿನಿಗೆ ಕವರು ತೆಗೆಯಲು ಕೈ ಬರಲಿಲ್ಲ. "ತಪ್ಪು ನಿಂದಲ್ಲ," ಎಂದಳು. ಅದೊಂದು ಮಾತು ಹೇಳುವಷ್ಟರಲ್ಲಿ ಸಾಕಾಯಿತು. "ವಾಪಸ್ಸು ಬರ್ತೀಯಾ ದಿವ್ಯಾ?"

"ಗೊತ್ತಿಲ್ಲ ಮೇಡಂ." ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಆ ಯಜಮಾನ್ರು ನಿಜವಾಗ್ಲೂ ಚೆನ್ನಾಗಿದಾರಾ?"

"ಊಟದೆಲೆ ಒರೆಸ್ತಾ ಕೂತಿದ್ರು."

"ಒಂದ್ಸಲ ನೋಡ್ಬೇಕು ಅನ್ಸುತ್ತೆ. ಮಿಕ್ಕಿದ್ದು ಆಮೇಲೆ ನೋಡೋಣ."

ಭಾನುವಾರ ಅಂಗಡಿಗೆ ರಜೆ. ಅವತ್ತು ಇಬ್ಬರೂ ರಾಮನಾಥಪುರಕ್ಕೆ ಹೋಗುವುದೆಂದಾಯಿತು. ಯಶಸ್ವಿನಿ ಊರಿಗೆ ಮರಳುವ ಬಸ್ಸು ಹತ್ತಿದಳು, ಹಗುರವೆನಿಸುತ್ತಿದೆಯೋ ನಾಚಿಕೆಯಾಗುತ್ತಿದೆಯೋ ಅವಳಿಗೇ ತಿಳಿಯಲಿಲ್ಲ.